ಪಾಲಿಗೆ ಸಾಕಿದ ಕೋಳಿ

ನಮ್ಮ ಗರಾಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇದೆ. ಅಮೆರಿಕದ ಬೆರ್ರಿಯೆಸಾದ ನಮ್ಮ ಬೀದಿಯಲ್ಲಿ ಎಲ್ಲರ ಗರಾಜಿನ ಹಣೆಬರಹವೂ ಇದೇ ಆದ್ದರಿಂದ ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಳೆದ ಶನಿವಾರ ನನಗೆ ಇದ್ದಕ್ಕಿದ್ದಂತೆ ಶಿಸ್ತಿನ ಹುಚ್ಚು ಹಿಡಿಯಿತು. ಶರ್ಟಿನ ತೋಳು ಮಡಿಸಿ ಒಳಹೊಕ್ಕು, ದಾನ ಕೊಡುವುದು ಒಂದು ಕಡೆ, ಎಸೆಯುವುದು ಇನ್ನೊಂದು ಕಡೆ ಎಂದು ಗುಡ್ಡೆ ಹಾಕತೊಡಗಿದೆ. ಹಿಡಿ ಮುರಿದ ನೀಲಿ ಪ್ಲಾಸ್ಟಿಕ್ಕಿನ ಲಾಂಡ್ರಿ ಬುಟ್ಟಿಯೊಂದು ಕೈಗೆ ಸಿಕ್ಕಿತು. ಎಸೆಯುವ ಗುಡ್ಡೆಗೆ ಹಾಕಿದೆ. ಅದೆಲ್ಲಿದ್ದಳೋ, ಹೆಂಡತಿ ವತ್ಸಲಾ ಪ್ರತ್ಯಕ್ಷಳಾದಳು.

“ಅದನ್ನು ಎಂತಕ್ಕೆ ಬಿಸಾಡ್ತೀರಿ ಮಾರಾಯ್ರೆ? ಅಮಾಸೆಗೆ ಅದೇ ಬೇಕಲ್ಲ!”

ಹೌದಲ್ಲ ಎನಿಸಿತು. ಬುಟ್ಟಿಯ ತಳದ ಜಾಲರಿಯಲ್ಲಿ ಒಂದು ಕೆಂಪು ಪುಕ್ಕ ಇನ್ನೂ ಸಿಕ್ಕಿಕೊಂಡಿತ್ತು. ನಾನು ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತುಬಿಟ್ಟೆ. ಗರಾಜಿನ ಕೆಲಸ ಅಲ್ಲಿಗೆ ಮುಗಿಯಿತು. ಹಳೆಯದನ್ನು ನೆನೆಯಲು ನನ್ನಂಥವನಿಗೆ ಒಂದು ನೆಪ ಸಾಕು. ಕೈಯಲ್ಲಿ ಪೊರಕೆ ಇದ್ದರಂತೂ ನೆಪ ಇನ್ನೂ ಬೇಗ ಸಿಗುತ್ತದೆ.

ನಾವು ಕೋಳಿ ಸಾಕಿದವರು ಎಂದರೆ ನಮ್ಮನ್ನು ಬಲ್ಲವರು ನಗುತ್ತಾರೆ. ನಮ್ಮದು ಈರುಳ್ಳಿ ಹೆಚ್ಚುವುದಕ್ಕೂ ಪಂಚಾಂಗ ನೋಡುವ ಮನೆ. ಕೇಕು ತರುವಾಗ ಮೊಟ್ಟೆಯಿದೆಯೇ ಎಂದು ಡಬ್ಬಿಯ ಹಿಂದಿನ ಸಣ್ಣಕ್ಷರವನ್ನು ನಾನು ಓದುವಷ್ಟು ಶ್ರದ್ಧೆಯಿಂದ ಮನೆಯ ಸಾಲದ ಪತ್ರವನ್ನೂ ಓದಿರಲಿಲ್ಲ. ಇಂಥವರ ಹಿತ್ತಲಿಗೆ ಕೋಳಿ ಬರಲು ಕಾರಣ ಬದನೆಕಾಯಿ.

ವತ್ಸಲಾ ಉಡುಪಿಯವಳು. ಅವಳಿಗೆ ಗುಳ್ಳ ಬೇಕು. ಗುಳ್ಳ ಎಂದರೆ ಅವರ ಕಡೆಯ ಹಸಿರು ಗುಂಡು ಬದನೆ. ಇಲ್ಲಿಯ ಗ್ರಾಸರಿಯಲ್ಲಿ ಸಿಗುವ, ಕರ್ರಗೆ ಫಳಫಳ ಹೊಳೆಯುವ ದೊಡ್ಡ ಬದನೆಯನ್ನು ಅವಳು ಬದನೆಯೆಂದೇ ಒಪ್ಪುವುದಿಲ್ಲ. “ಬೇಯಿಸಿದ್ರೆ ಸಾಬೂನಿನ ಹಾಗೆ ಆಗ್ತದೆ” ಎನ್ನುತ್ತಾಳೆ. ಫಾಸ್ಟರ್ ಸಿಟಿಯ ಭಟ್ಟರ ಮನೆಯವರು ಒಂದು ವರ್ಷ ಚೌತಿಯ ಊಟಕ್ಕೆ ಬಂದವರಿಗೆಲ್ಲ ಗುಳ್ಳದ ಬೀಜ ಹಂಚಿದರು. ಬೀಜ ಹಂಚಿ ಸುಮ್ಮನಿದ್ದರೆ ಪುಣ್ಯ ಬರುತ್ತಿತ್ತು. ತಮ್ಮ ಹಿತ್ತಲಿನ ಗುಳ್ಳದ ಫೋಟೋಗಳನ್ನು ವಾರವಾರ ವಾಟ್ಸಾಪ್ ಗುಂಪಿಗೆ ಹಾಕಲು ಶುರುಮಾಡಿದರು. ವತ್ಸಲಾ ಪ್ರತಿ ಫೋಟೋಗೂ ಕೈಮುಗಿಯುವ ಚಿತ್ರ ಕಳಿಸಿ, ಆಮೇಲೆ ಫೋನನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು.

ನಮ್ಮ ಹಿತ್ತಲಿನ ಮಣ್ಣು ಬೇಸಿಗೆಯಲ್ಲಿ ಹೆಂಚು, ಚಳಿಗಾಲದ ಮಳೆಗೆ ಗೋಂದು. ಮೊದಲ ವರ್ಷ ನಮ್ಮ ಫಸಲು ಎರಡು ಗುಳ್ಳ. ಒಂದನ್ನು ಅಳಿಲು ತಿಂದಿತು. ಇನ್ನೊಂದನ್ನು ನಾವು ದೇವರ ಮುಂದಿಟ್ಟು, ಕಡಿಯಲು ಮನಸ್ಸು ಬಾರದೆ, ಕೊಳೆಯಲು ಬಿಟ್ಟೆವು. ಕೋಳಿ ಗೊಬ್ಬರ ಹಾಕಿ ಎಂದು ಯಾರೋ ಹೇಳಿದರು. ಅಂಗಡಿಯಿಂದ ತಂದ ಗೊಬ್ಬರದ ಚೀಲಕ್ಕೆ ವತ್ಸಲಾ ಮೂಗೊಡ್ಡಿ, “ಇದಕ್ಕೆ ವಾಸನೆಯೇ ಇಲ್ಲ. ಇದು ಗೊಬ್ಬರ ಅಲ್ಲ, ಗೊಬ್ಬರದ ಫೋಟೋ” ಎಂದಳು. ಆವತ್ತೇ ಕೋಳಿ ತರುವ ತೀರ್ಮಾನವಾಯಿತು. ಕೋಳಿ ತಂದರೆ ಅದು ಮೊಟ್ಟೆಯನ್ನೂ ಇಡುತ್ತದೆ ಎಂಬ ಸಂಗತಿ, ಇಬ್ಬರು ಎಂಜಿನಿಯರುಗಳಿರುವ ಮನೆಯಲ್ಲಿ, ಎರಡು ವಾರ ಯಾರಿಗೂ ಹೊಳೆಯಲಿಲ್ಲ.

ನನ್ನ ವಿಷಯ ಬಿಡಿ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿ. ಕೃಷಿಯಲ್ಲಿ ನನ್ನ ಪೂರ್ವಾನುಭವವೆಂದರೆ ಮೂರನೇ ಕ್ಲಾಸಿನಲ್ಲಿ ಒದ್ದೆ ಹತ್ತಿಯ ಮೇಲೆ ಹೆಸರುಕಾಳು ಮೊಳಕೆ ಬರಿಸಿದ್ದು. ಅದನ್ನೂ ಇರುವೆ ತಿಂದಿತು. ಇನ್ನು ಕೋಳಿ ಸಾಕಣೆಯಲ್ಲಿ ಹೇಳಿಕೊಳ್ಳಬಹುದಾದ ಒಂದು ಘಟನೆ ನಡೆದಿತ್ತು. ಹಿಂದಿನ ಬೀದಿಯ ಮುನಿಯಮ್ಮನ ಕೋಳಿ ಒಂದು ಬೆಳಗ್ಗೆ ಗೋಡೆ ಹಾರಿ ಬಂದು, ನಮ್ಮ ವಠಾರದ ಸೌದೆ ಒಟ್ಟಿದ್ದ ಮೂಲೆಯಲ್ಲಿ ಮೊಟ್ಟೆಯಿಟ್ಟು ಹೋಯಿತು. ಎಲ್ಲ ಮನೆಯವರೂ ಸುತ್ತ ನಿಂತು ನೋಡಿದರು. ಮಡಿಯುಟ್ಟಿದ್ದ ನಮ್ಮಜ್ಜಿ, ಅದನ್ನು ಯಾರೂ ಮುಟ್ಟಕೂಡದೆಂದೂ, ತಕ್ಷಣ ಅಲ್ಲಿಂದ ತೆಗೆಯಬೇಕೆಂದೂ ಒಂದೇ ಉಸಿರಿನಲ್ಲಿ ಅಪ್ಪಣೆ ಮಾಡಿದಳು. ಇದು ಹೇಗೆ ಸಾಧ್ಯವೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಮೊಟ್ಟೆಯ ಮೇಲೊಂದು ಮೊರ ಮುಚ್ಚಿದರು. ಸಂಜೆ ಹುಡುಕಿಕೊಂಡು ಬಂದ ಮುನಿಯಮ್ಮ ಮೊರ ಎತ್ತಿ ನೋಡಿ, “ಐನೋರಾಗಿ ನಮ್ ಕೋಳಿ ಮೊಟ್ಟೆ ಬಚ್ಚಿಟ್ಕೊಂಡವ್ರೆ ನೋಡ್ರವ್ವಾ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅಲ್ಲಿಂದ ಮುಂದೆ ಅಜ್ಜಿ ಸೌದೆಗೆ ಕೈಹಾಕುವ ಮುನ್ನ ಬಗ್ಗಿ ನೋಡದೆ ಇರುತ್ತಿರಲಿಲ್ಲ.

ನಮ್ಮ ಮೊಟ್ಟೆಯ ಸಮಸ್ಯೆಯನ್ನು ಬಗೆಹರಿಸಿದವರು ಶಿವಲಿಂಗೇಗೌಡರು. ಮಂಡ್ಯ ಜಿಲ್ಲೆಯ ಮದ್ದೂರಿನ ಹತ್ತಿರದ ಹಳ್ಳಿಯವರು, ನನ್ನ ಹಳೆಯ ಸಹೋದ್ಯೋಗಿ. ಆಫೀಸಿನಲ್ಲಿ ಅವರು ಶಿವ್. ಹೆಂಡತಿ ಸವಿತಾ ಜೊತೆ ಹೇವರ್ಡಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಇದ್ದಾರೆ. ಊರಿನಲ್ಲಿ ಕೊಟ್ಟಿಗೆ, ಕಬ್ಬಿನ ಗದ್ದೆ ಬಿಟ್ಟು ಬಂದ ಮನುಷ್ಯನಿಗೆ ಇಲ್ಲಿ ಎರಡು ಹೆಜ್ಜೆಯ ಬಾಲ್ಕನಿ. ಅದರಲ್ಲಿ ಒಂದು ತುಳಸಿ, ಒಂದು ಸೈಕಲ್ಲು. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದಿದ್ದವರು ಊಟವಾದ ಮೇಲೆ ನಮ್ಮ ಸಂಕಟ ಕೇಳಿ ನಕ್ಕರು.

“ಇದಕ್ಯಾಕೆ ತಲೆ ಕೆಡಿಸ್ಕತೀರ ಸ್ವಾಮಿ? ನಮ್ ಕಡೆ ಪಾಲಿಗೆ ಸಾಕದು ಅಂತ ಒಂದೈತೆ. ಕೋಳಿ ನಂದು, ಹಿತ್ಲು ನಿಮ್ದು. ಗೊಬ್ರ ನಿಮ್ಗೆ, ಮೊಟ್ಟೆ ನಂಗೆ. ಮೊಟ್ಟೆ ಇಡದು ನಿಂತ್ ಮ್ಯಾಲೆ ಕೋಳಿನೂ ನಂಗೆ. ಸಾರ್ ಮಾಡ್ಕತೀನಿ.”

“ಸಾರಿನ ವಿಷಯ ನನ್ನೆದುರು ಹೇಳ್ಬೇಡಿ ಗೌಡ್ರೆ” ಎಂದಳು ವತ್ಸಲಾ. ಒಂದು ಗಳಿಗೆ ಯೋಚಿಸಿದಳು. “ಆದ್ರೆ ಆಯ್ತು. ಮಾತು ಅಂದ್ರೆ ಮಾತು.”

ದೇವರ ಮುಂದೆ ದೀಪ ಇನ್ನೂ ಉರಿಯುತ್ತಿತ್ತು. ಪೂಜೆಯ ತಾಂಬೂಲ ಕೈಯಲ್ಲಿ ಹಿಡಿದುಕೊಂಡೇ ಕೋಳಿ ಸಾರಿಗೆ ಕರಾರು ಮಾಡಿಕೊಂಡವರು ಇಡೀ ಬೇ ಏರಿಯಾದಲ್ಲಿ ನಾವೇ ಮೊದಲಿಗರಿರಬೇಕು. ಸತ್ಯನಾರಾಯಣ ಏನೂ ಅನ್ನಲಿಲ್ಲ.

ಹುಂಜ ಕೂಡದು, ಹೇಂಟೆ ಆಗಬಹುದು ಎಂಬುದು ನಮ್ಮ ಊರಿನ ಕಾನೂನು. ಗುಡ್ಡದಾಚೆಯ ಒಂದು ಫಾರ್ಮಿನಿಂದ ಮೂರು ಹೇಂಟೆಗಳನ್ನು ಗೌಡರು ಆರಿಸಿದರು. ಅವನ್ನು ತಂದದ್ದು ಆಗ ಗೌಡರ ಮನೆಯದಾಗಿದ್ದ ಇದೇ ನೀಲಿ ಬುಟ್ಟಿಯಲ್ಲಿ, ಮೇಲೆ ಸವಿತಾಳ ಹಳೆಯ ಟವಲು ಕಟ್ಟಿ. ನಾನು ಫ್ರೀವೇಯಲ್ಲಿ ಬಲಗಡೆಯ ಲೇನು ಬಿಡದೆ, ಬಸುರಿಯನ್ನು ಕೂರಿಸಿಕೊಂಡವನಂತೆ ಓಡಿಸಿದೆ. ಆನ್‌ಲೈನಿನಲ್ಲಿ ತರಿಸಿದ್ದ ಗೂಡಿನ ಬಿಡಿಭಾಗಗಳನ್ನು ನಾನು ಆಗಲೇ ಜೋಡಿಸಿಟ್ಟಿದ್ದೆ. ಬಾಗಿಲು ಮಾತ್ರ ಹಿಂದುಮುಂದಾಗಿ ಕೂತಿತ್ತು. ಅದನ್ನು ತೆಗೆಯಲು ಚಿಲಕವನ್ನು ಮೇಲೆತ್ತಿ, ಬಾಗಿಲನ್ನು ಒಳಗೆ ನೂಕಿ, ಆಮೇಲೆ ಹೊರಗೆಳೆಯಬೇಕು. ವತ್ಸಲಾ ಬಿಟ್ಟು ಬೇರೆ ಯಾರಿಗೂ ಅದು ಒಲಿಯಲಿಲ್ಲ.

ಹೆಸರಿಟ್ಟವಳು ಮಗಳು ಅದಿತಿ. ಪ್ಯಾನ್‌ಕೇಕ್, ವಾಫಲ್, ನಗೆಟ್. ಮೊದಲೆರಡು ಸರಿ, ಮೂರನೆಯದರ, ಅಂದರೆ ಕರಿದ ಕೋಳಿ ತುಂಡಿನ, ಪರಿಚಯ ನಮ್ಮ ಮನೆಯ ಕೂಸಿಗೆ ಎಲ್ಲಾಯಿತು ಎಂದು ನಾನು ಕೇಳಲಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಏನೇನು ಕೊಡುತ್ತಾರೆಂಬುದು ತಂದೆಯಾದವನು ತಿಳಿಯದೆ ಇರುವುದೇ ಕ್ಷೇಮ. ವತ್ಸಲಾ ಮಾತ್ರ ನಗೆಟ್ಟನ್ನು ಕೆಂಪಿ ಎಂದೇ ಕರೆದಳು.

ಮೊದಮೊದಲು ನಾವು ಮಾಡಿದ ಅವಾಂತರಗಳನ್ನು ಬರೆಯಹೊರಟರೆ ಬೇರೆಯೇ ಪ್ರಬಂಧವಾಗುತ್ತದೆ. ಗೊಬ್ಬರ ಬಿದ್ದದ್ದೇ ತಡ, ಬಿಸಿಬಿಸಿಯಾಗಿ ಗುಳ್ಳದ ಬುಡಕ್ಕೆ ಹಾಕಿ ಅರ್ಧ ಗಿಡ ಸುಟ್ಟೆವು. ಅದನ್ನು ಕೊಳೆಸಿ ಹಾಕಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಮೊಟ್ಟೆ ಎತ್ತುವುದು ಇನ್ನೊಂದು ಪಜೀತಿ. ವತ್ಸಲಾ ಮೊದಲು ಒಲೆಯ ಇಕ್ಕಳದಲ್ಲಿ ಎತ್ತಲು ಹೋದಳು. ಇಕ್ಕಳಕ್ಕೆ ಬಿಸಿ ಪಾತ್ರೆ ಹಿಡಿದು ಗೊತ್ತು, ನಾಜೂಕು ಗೊತ್ತಿಲ್ಲ. ಆಮೇಲೆ ನನ್ನ ಹಳೆಯ ಕಾಲುಚೀಲವೊಂದನ್ನು ಕೈಗೆ ತೊಟ್ಟು ಎತ್ತತೊಡಗಿದಳು. ಅಂತೂ ಅಜ್ಜಿಯ ಅಪ್ಪಣೆ ಪಾಲಿಸುವ ದಾರಿ ಅಮೆರಿಕದಲ್ಲಿ ಸಿಕ್ಕಿತು.

ಗೌಡರು ವಾರಕ್ಕೊಮ್ಮೆ ಬಂದು ತಮ್ಮ ಪಾಲು ಒಯ್ಯುತ್ತಿದ್ದರು. ಕಾರು ಸವಿತಾಳ ಹತ್ತಿರ ಇದ್ದ ದಿನ ಬಾರ್ಟ್ ರೈಲಿನಲ್ಲಿ ಬರುತ್ತಿದ್ದರು. ಮೊಟ್ಟೆಗಳನ್ನು ಆಫೀಸಿನಲ್ಲಿ ಪುಕ್ಕಟೆ ಕೊಟ್ಟ ಟೀ ಶರ್ಟಿನಲ್ಲಿ ಸುತ್ತಿ, ಊಟದ ಕ್ಯಾರಿಯರಿನಲ್ಲಿಟ್ಟು, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಹೇವರ್ಡಿನವರೆಗೆ ಕೂರುತ್ತಿದ್ದರು. ಬಂದಾಗಲೆಲ್ಲ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೋಳಿಗಳನ್ನು ನೋಡುತ್ತಿದ್ದರು. ಅದು ಮುದ್ದಿನ ನೋಟವೋ ಮಸಾಲೆಯ ನೋಟವೋ ನನಗೆ ಕೊನೆಗೂ ತಿಳಿಯಲಿಲ್ಲ.

ಕೋಳಿಗೆ ನಮ್ಮ ಮನೆಯ ಅಡುಗೆಯೆಲ್ಲ ಸೇರುತ್ತಿತ್ತು. ಅವಲಕ್ಕಿ, ದೋಸೆಯ ಅಂಚು, ಕಡಲೆ ಉಸಲಿ. ಉಪ್ಪಿಟ್ಟೊಂದನ್ನು ಕೆಂಪಿ ಮುಟ್ಟುತ್ತಿರಲಿಲ್ಲ. ತಟ್ಟೆಯ ಹತ್ತಿರ ಬಂದು, ಒಂದು ಕಣ್ಣಿನಿಂದ ನೋಡಿ, ಇನ್ನೊಂದು ಕಣ್ಣಿನಿಂದಲೂ ನೋಡಿ ಖಚಿತಪಡಿಸಿಕೊಂಡು, ಬೆನ್ನು ತಿರುಗಿಸಿ ಹೋಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಬಾರದ ಧೈರ್ಯ ಅದಕ್ಕಿತ್ತು. ಇದನ್ನು ಗೌಡರಿಗೆ ಹೇಳಿದೆ.

“ನಮ್ಮಪ್ಪನೂ ಹಂಗೇಯ ಸ್ವಾಮಿ” ಎಂದು ನಕ್ಕರು. “ಉಪ್ಪಿಟ್ ಮಾಡಿದ್ ದಿನ ತಟ್ಟೆನ ಹಿಂಗೆ ಓರೆಗಣ್ಣಲ್ಲಿ ನೋಡಿ, ಟವಲ್ ಕೊಡವ್ಕಂಡು ಗದ್ದೆಗೆ ಹೊಂಟೋಗದು.”

ಇಷ್ಟು ಹೊತ್ತಿಗೆ ನನಗೊಂದು ವಿಷಯ ಅರ್ಥವಾಗಿತ್ತು. ಗೊಬ್ಬರದ ಲೆಕ್ಕ ಹಾಕಿ ಕೋಳಿ ತಂದ ವತ್ಸಲಾ, ಗೊಬ್ಬರ ಸಾಕಷ್ಟಾದ ಮೇಲೂ ಹಿತ್ತಲಿನಲ್ಲೇ ಇರುತ್ತಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಅವಳು ಮಾತಾಡುವುದು ಕೇಳುತ್ತಿತ್ತು. ತುಳುವಿನಲ್ಲಿ. ನನಗೆ ತುಳು ಬಾರದು; ಮದುವೆಯಾದ ಹೊಸದರಲ್ಲಿ ಕಲಿಯುತ್ತೇನೆಂದು ಹೇಳಿ, ಮಾವನ ಮನೆಯಲ್ಲಿ ಒಮ್ಮೆ ಪ್ರಯೋಗಿಸಿ, ಎಲ್ಲರೂ ಬಿದ್ದು ಬಿದ್ದು ನಕ್ಕ ಮೇಲೆ ಬಿಟ್ಟುಬಿಟ್ಟೆ. ಅದಿತಿಗೆ ಅರ್ಥವಾಗುತ್ತದೆ, ಆದರೆ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಹಾಗಾಗಿ ವತ್ಸಲಾ ಹುಟ್ಟಿದ ಭಾಷೆಯನ್ನು ನಮ್ಮ ಮನೆಯಲ್ಲಿ ನಿಂತು ಕೇಳುವವರು ಯಾರೂ ಇರಲಿಲ್ಲ. ಕೆಂಪಿ ಕೇಳುತ್ತಿತ್ತು. “ಬಲಾ ಬಲಾ” ಎಂದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. “ವನಸ್ ಆಂಡಾ?” ಎಂದು ಊಟ ವಿಚಾರಿಸಿದರೆ ಕತ್ತು ಓರೆ ಮಾಡಿ ನಿಲ್ಲುತ್ತಿತ್ತು. ಅತ್ತೆಯವರ ಮಂಡಿನೋವು, ಭಟ್ಟರ ಮನೆಯವರ ಜಂಬ, ನನ್ನ ಗೊರಕೆ, ಎಲ್ಲ ವರದಿಯೂ ಅದಕ್ಕೆ ಹೋಗುತ್ತಿತ್ತು. ನನ್ನ ಹೆಸರು ಬಂದಾಗ ಅದು ನನ್ನ ಕಡೆ ತಿರುಗಿ ನೋಡುತ್ತಿತ್ತೆಂದು ನನಗೊಂದು ಗುಮಾನಿ.

ಆ ಚಳಿಗಾಲದಲ್ಲಿ ರಕೂನ್ ಎಂಬ ಇಲ್ಲಿಯ ಕಳ್ಳ ಪ್ರಾಣಿಯೊಂದು ಗೂಡಿನ ಹಿಂದಿನ ತಂತಿ ಕಿತ್ತು ಪ್ಯಾನ್‌ಕೇಕನ್ನೂ ವಾಫಲ್ಲನ್ನೂ ಒಯ್ದಿತು. “ನಮ್ ಪಾಲು ರಕೂನು ತಿಂತಲ್ಲ ಸ್ವಾಮಿ!” ಎಂದು ಗೌಡರು ಹೌಹಾರಿದರು. ಮರುದಿನವೇ ಬಂದು ದಪ್ಪ ತಂತಿ ಬಿಗಿದರು. ಉಳಿದದ್ದು ಕೆಂಪಿಯೊಂದೇ.

ಮುಂದಿನ ಬೇಸಿಗೆಯ ಕೊನೆಯಲ್ಲಿ ಕೆಂಪಿ ಪುಕ್ಕ ಉದುರಿಸತೊಡಗಿತು. ಹರಿದ ದಿಂಬಿನಂತೆ ಹಿತ್ತಲೆಲ್ಲ ಪುಕ್ಕ ಚೆಲ್ಲಿಕೊಂಡು, ಕತ್ತು ಬೋಳಾಗಿ ಓಡಾಡುತ್ತಿತ್ತು. ಮೊಟ್ಟೆ ನಿಂತಿತು. ನಮ್ಮಂಥವರಿಗೆ ಮೊಟ್ಟೆ ಇಡದ ಕೋಳಿಗಿಂತ ಒಳ್ಳೆಯ ಕೋಳಿ ಯಾವುದಿದೆ? ನಾನು ಖುಷಿಯಾಗಿಯೇ ಗೌಡರಿಗೆ ವರದಿ ಮಾಡಿದೆ. ಬಾಯಿಬಡುಕನಿಗೆ ಬುದ್ಧಿ ಬರುವುದು ಫೋನಿಟ್ಟ ಮೇಲೆ.

ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ಆ ವರ್ಷದ ಮಾರ್ಚಿನಲ್ಲಿ ಅವರ ತಂದೆ ತೀರಿಕೊಂಡಿದ್ದರು. ಇವರು ವಿಮಾನ ಹತ್ತಿ ಹೋಗುವುದರೊಳಗೆ ಎಲ್ಲ ಮುಗಿದಿತ್ತು. ಈಗ ಪಿತೃಪಕ್ಷ ಹತ್ತಿರ ಬಂದಿತ್ತು.

“ಸ್ವಾಮಿ, ಈ ಅಮಾಸೆಗೆ ಅಪ್ಪಂಗೆ ಮೊದಲ್ನೇ ಎಡೆ” ಎಂದರು. ಅವರ ದನಿ ಎಂದಿನಂತಿರಲಿಲ್ಲ. “ಫಾರಂ ಕೋಳಿ ಕಂಡ್ರೆ ಆಯಪ್ಪ, ಹತ್ತಿ ಹತ್ತಿ, ಹತ್ತಿ ತಿಂದಂಗಾಯ್ತದೆ ಅನ್ನದು. ಇಲ್ಲಿ ನಾಟಿ ಅಂತ ನಂಗಿರದು ಕೆಂಪಿ ಒಂದೇಯ. ನೀವು ಬ್ಯಾಡ ಅಂದ್ರೆ ಬ್ಯಾಡ.”

ನಾನು ಬೇಡವೆನ್ನುವವನೇ ಇದ್ದೆ. ಫೋನು ಸ್ಪೀಕರಿನಲ್ಲಿತ್ತು. ವತ್ಸಲಾ ಕೇಳಿಸಿಕೊಂಡು, “ಬನ್ನಿ ಗೌಡ್ರೆ. ನಿಮ್ಮ ಪಾಲು ನಿಮಗೆ” ಎಂದಳು.

ಆಮೇಲೆ ನಾನು ಅವಳ ಹಿಂದೆ ಹಿಂದೆ ಸುತ್ತಿದೆ. “ಅದೇ ಫಾರ್ಮಿನಿಂದ ಗೌಡ್ರಿಗೆ ಬೇರೆ ಕೋಳಿ ಕೊಡಿಸೋಣ ಬಿಡು.”

“ಬೇರೆ ಕೋಳಿಗೆ ಜೀವ ಇಲ್ವಾ?”

ನಾನು ಅವಳ ಕೈಯ ಪಾತ್ರೆ ಇಸಿದುಕೊಂಡು ಒರೆಸತೊಡಗಿದೆ. “ಮಾತು ಕೊಟ್ಟವಳು ನಾನು” ಎಂದಳು. “ಅವರು ಬಾಯಿ ಚಪಲಕ್ಕೆ ಕೇಳಿದ್ದಲ್ಲ, ಅಪ್ಪನಿಗೆ ಕೇಳಿದ್ದು. ಹೇಗೆ ಇಲ್ಲ ಹೇಳುದು?” ಅದಿತಿ ಮೆಟ್ಟಿಲ ಮೇಲೆ ಕೂತು, “ದಿಸ್ ಈಸ್ ಸೋ ಅನ್‌ಫೇರ್, ಅಮ್ಮಾ” ಎಂದು ಅತ್ತಳು. ವತ್ಸಲಾ ಅವಳನ್ನು ಸಮಾಧಾನ ಮಾಡಲಿಲ್ಲ. ಹಿತ್ತಲಿಗೆ ಹೋದಳು. ಆವತ್ತು ಕೆಂಪಿಯ ಜೊತೆ ಅವಳು ಮಾತಾಡಿದ್ದು ನನಗೆ ಕೇಳಿಸಲಿಲ್ಲ.

ಅಮಾವಾಸ್ಯೆ ರಜೆಯ ದಿನವೇ ಬಿದ್ದಿತ್ತು. ಗೌಡರು ಬೆಳಗ್ಗೆಯೇ ಬಂದರು. ಒಂದು ಕೈಯಲ್ಲಿ ನೀಲಿ ಬುಟ್ಟಿ, ಇನ್ನೊಂದರಲ್ಲಿ ದೊಡ್ಡ ಕ್ಯಾರಿಯರು. ಹಿಂದಿನ ದಿನವೇ ಕೆಂಪಿಯನ್ನು ಒಯ್ದು ಮನೆಯಲ್ಲಿ ಕುಯ್ಯುವುದೆಂದಿದ್ದರಂತೆ. “ಬಾಡಿಗೆ ಮನೆ, ಬಿಳೀ ಕಾರ್ಪೆಟ್ಟು. ಕೋಳಿ ಒಳಿಕ್ ಬಂದ್ರೆ ನಾನ್ ಹೊರಿಕ್ ಹೋಯ್ತೀನಿ” ಎಂದು ಸವಿತಾ ಹೇಳಿದಳಂತೆ. ಹಾಗಾಗಿ ಏರ್ಪಾಡು ಬದಲಾಗಿತ್ತು. ಗುಡ್ಡದಾಚೆ ಒಂದು ಕಡೆ ಕೋಳಿ ಕುಯ್ದು ಶುಚಿ ಮಾಡಿಕೊಡುತ್ತಾರೆ, ಅದು ತೆರೆಯುವುದು ಮಧ್ಯಾಹ್ನ. ಸಂಜೆ ಕೆಂಪಿಯ ಸಾರು ಮಾಡಿ ಅಪ್ಪನ ಫೋಟೋದ ಮುಂದೆ ಎಡೆ. ಸಂಜೆಯ ಹೊತ್ತಿಗೆ ಕಾಗೆ ಗೂಡು ಸೇರುತ್ತದೆ, ಅಷ್ಟರೊಳಗೆ ಅದರ ಪಾಲು ಇಡಬೇಕಲ್ಲ. ಅದಕ್ಕೆ ಗ್ರಾಸರಿಯ ಕೋಳಿಯದೇ ಸಾರು. ಅವರ ಬಾಲ್ಕನಿಗೆ ಕಾಗೆ ಬರುವುದಿಲ್ಲವಾದ್ದರಿಂದ ನಮ್ಮ ಹಿತ್ತಲು.

“ಮೊದಲು ಎಡೆ, ಆಮೇಲೆ ಕಾಗೆ ಅಲ್ವೇನ್ರೀ? ಕ್ರಮ ಉಲ್ಟಾ ಆಯ್ತಲ್ಲ” ಎಂದೆ. ನಮ್ಮಲ್ಲೂ ಪಿಂಡವನ್ನು ಕಾಗೆಗೇ ಇಡುವುದು. ಅಷ್ಟು ಶಾಸ್ತ್ರ ನನಗೂ ಗೊತ್ತು.

“ಇಲ್ಲಿ ಹಗಲು ರಾತ್ರಿನೇ ಉಲ್ಟಾ ಐತಲ್ಲ ಸ್ವಾಮಿ. ಅಪ್ಪ ಅಡ್ಜಸ್ಟ್ ಮಾಡ್ಕತದೆ.”

ನಾನು ವತ್ಸಲಾಳನ್ನು ಕರೆಯಲು ಅಡುಗೆಮನೆಗೆ ಹೋದೆ. ಹಿತ್ತಲ ಕಡೆಯ ಕಿಟಕಿ ಮುಚ್ಚಿ, ಬೆನ್ನು ಹಾಕಿ ನಿಂತಿದ್ದಳು. ಮೂಗು ಕೆಂಪಾಗಿತ್ತು.

“ಏನಾಯ್ತು?”

“ಎಂತ ಇಲ್ಲ. ಈರುಳ್ಳಿ” ಎಂದಳು.

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚುವುದಿಲ್ಲ. ಅವಳ ಮುಂದೆ ಹಲಗೆಯ ಮೇಲೆ ಇದ್ದದ್ದು ಗುಳ್ಳ. ಆ ವರ್ಷ ಗಿಡ ಬಗ್ಗುವಷ್ಟು ಬಿಟ್ಟಿತ್ತು, ಫಾಸ್ಟರ್ ಸಿಟಿಗೆ ಫೋಟೋ ಕಳಿಸಬಹುದಾಗಿತ್ತು, ಅವಳು ಕಳಿಸಿರಲಿಲ್ಲ. “ಹಿರಿಯರ ಎಲೆಗೆ ನಮ್ಮ ಮನೆಯಿಂದ ಏನೂ ಇಲ್ಲದೆ ಹೇಗೆ” ಎಂದು, ಬೆಳಗಿನ ತಿಂಡಿಗೆ ಮಾಡಿದ್ದ ಉಪ್ಪಿಟ್ಟನ್ನೇ ಒಂದು ಬಟ್ಟಲಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು.

ಗೌಡರು ನಿಂಬೆ ಮರದ ಕೆಳಗೆ ಬಾಳೆಲೆ ಹಾಸಿದರು. ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಪೇಪರ್ ಲೋಟದಲ್ಲಿ ಎರಡು ಬೆರಳು ವಿಸ್ಕಿ. ಅಂಚಿನಲ್ಲಿ ನಮ್ಮ ಉಪ್ಪಿಟ್ಟು. ಊದುಬತ್ತಿ ಹಚ್ಚಿ ದೂರ ಸರಿದು ನಿಂತು, “ಕಾ, ಕಾ” ಎಂದು ಕರೆದರು. ಪಕ್ಕದ ಮನೆಯ ಸೂರಿನ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ದಿನಾ ನಮ್ಮ ಕಸದ ಡಬ್ಬಿ ಬಗೆಯುವ ಕಾಗೆಗಳು ಆವತ್ತು ಮಠದ ಸ್ವಾಮಿಗಳಂತೆ ನೋಡಿದವು, ಇಳಿಯಲಿಲ್ಲ.

ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದು ಏನೆಂದು ಊಹಿಸಿ ನಡೆಸಿಕೊಡುತ್ತೇನೆಂದು ಮಾತು ಕೊಡಬೇಕು. ಗೌಡರು ಕೈಮುಗಿದು ಶುರುಮಾಡಿದರು.

“ಅಪ್ಪಾ, ಕಾಲುವೆ ಪಕ್ಕದ ಗದ್ದೆ ಮಾರಲ್ಲ.”

ಕಾಗೆ ಬರಲಿಲ್ಲ.

“ತಮ್ಮನ ಕುಟ್ಟೆ ಮಾತಾಡ್ತೀನಿ. ನಾನೇ ಫೋನ್ ಮಾಡ್ತೀನಿ.”

ಒಂದು ಕಾಗೆ ರೆಕ್ಕೆ ಕೆರೆದುಕೊಂಡಿತು.

“ಮೀಸೆ ತೆಗೆದಿದ್ಕೆ ಬೇಜಾರಾ? ಬುಡ್ತೀನಿ ಅಪ್ಪಾ, ಮತ್ತೆ ಮೀಸೆ ಬುಡ್ತೀನಿ.”

ನನಗೆ ನಗು ಒತ್ತರಿಸಿ ಬಂತು, ತುಟಿ ಕಚ್ಚಿಕೊಂಡೆ. ತಿರುಗಿ ನೋಡಿದರೆ ಗೌಡರ ಕಣ್ಣಲ್ಲಿ ನೀರು ತುಂಬಿತ್ತು. ನಗು ತಾನಾಗಿ ಇಳಿದುಹೋಯಿತು.

“ಅಪ್ಪಾ, ಕೊನೇ ಟೈಮಿಗೆ ಬರಕ್ಕಾಗ್ಲಿಲ್ಲ” ಎಂದರು ಗೌಡರು. “ಹತ್ತಿ ಕೋಳಿ ಅಂತ ಸಿಟ್ಟಾ? ಸಂಜಿಗೆ ಕೆಂಪಿನೇ ಹಾಕ್ತೀನಿ. ಒಂದ್ ತುತ್ತು ಮುಟ್ಟಪ್ಪ.”

ಆಗ ಹಿಂದಿನಿಂದ ವತ್ಸಲಾ ಬಂದಳು. “ಹೊತ್ತಾಯ್ತು ಗೌಡ್ರೆ. ಕೆಂಪಿಯನ್ನು ನಾನೇ ಹಿಡ್ಕೊಡ್ತೇನೆ. ನೀವು ಹಿಡಿದ್ರೆ ಹೆದರ್ತದೆ” ಎಂದು ನೇರ ಗೂಡಿಗೆ ಹೋದಳು. ಚಿಲಕ ಎತ್ತಿದಳು, ನೂಕಿದಳು, ಎಳೆದಳು. ಬಗ್ಗಿ ಎರಡೂ ಕೈ ಚಾಚಿ, “ಬಲಾ” ಎಂದಳು.

ಜೀವಮಾನದಲ್ಲಿ ಮೊದಲ ಸಲ ಕೆಂಪಿ ಅವಳ ಮಾತು ಕೇಳಲಿಲ್ಲ. ಅವಳ ಕೈಗಳ ಸಂದಿಯಿಂದ ನುಸುಳಿ, ಬೋಳು ಕತ್ತು ಮುಂದೆ ಚಾಚಿಕೊಂಡು, ನೇರ ಬಾಳೆಲೆಯತ್ತ ಓಡಿತು. “ಹಿಡ್ಕಳಿ, ಹಿಡ್ಕಳಿ ಸ್ವಾಮಿ!” ಎಂದು ಗೌಡರು ಕೂಗಿದರು. ನಾನು ಕಾಗೆ ಓಡಿಸುವವನಂತೆ ಕೈ ಬೀಸಿದೆನೇ ಹೊರತು ಏನೂ ಮಾಡಲಿಲ್ಲ. ಕೆಂಪಿ ಎಲೆಯ ಮೇಲೆ ಕಾಲಿಟ್ಟು ನಿಂತು ಕೋಳಿಯ ತುಂಡೊಂದನ್ನು ಎತ್ತಿ ಕುಕ್ಕಿತು. ಹೌದು, ಕೋಳಿ ಕೋಳಿಯನ್ನು ತಿನ್ನುತ್ತದೆ, ಅದಕ್ಕೆ ಖಾರವೂ ಹತ್ತುವುದಿಲ್ಲ. ನಮಗೂ ಆವತ್ತೇ ಗೊತ್ತಾದದ್ದು. ತುಂಡು ಮುಗಿಸಿ ಮುದ್ದೆಗೆ ಬಾಯಿ ಹಾಕಿತು. ವಡೆಯನ್ನು ಚೂರು ಮಾಡಿತು. ಲೋಟಕ್ಕೆ ಕೊಕ್ಕು ಅದ್ದಿ, ತಲೆ ಮೇಲೆತ್ತಿ ಗುಟುಕರಿಸಿತು. ಆಮೇಲೆ ಉಪ್ಪಿಟ್ಟಿನ ಮುಂದೆ ನಿಂತಿತು. ಒಂದು ಕಣ್ಣಿನಿಂದ ನೋಡಿತು. ಇನ್ನೊಂದು ಕಣ್ಣಿನಿಂದ ನೋಡಿತು. ಮೈ ಕೊಡವಿಕೊಂಡು, ಬೆನ್ನು ತಿರುಗಿಸಿ ಗುಳ್ಳದ ಗಿಡಗಳ ಕಡೆ ಹೊರಟುಹೋಯಿತು.

ಗೌಡರ ಕೈ ತಾನಾಗಿ ಜೋಡಿಕೊಂಡಿತು.

“ಉಪ್ಪಿಟ್ಟು ಮುಟ್ನಿಲ್ಲ” ಎಂದರು ಮೆಲ್ಲಗೆ. “ನೋಡಿದ್ರಾ ಸ್ವಾಮಿ? ಉಪ್ಪಿಟ್ಟು ಮುಟ್ನಿಲ್ಲ. ಗದ್ದೆಗೆ ಹೊಂಟೋಯ್ತು.”

ನನ್ನ ನಾಲಿಗೆ ಅಂಥ ಹೊತ್ತಿನಲ್ಲೂ ಸುಮ್ಮನಿರುವುದಿಲ್ಲ. “ಆದ್ರೆ ಗೌಡ್ರೇ, ಅದು ಹೇಂಟೆ” ಎಂದೆ.

“ಹುಂಜ ಆಗಿ ಬರಕ್ಕೆ ನಿಮ್ ಸಿಟಿಯೋರು ಎಲ್ ಬುಡ್ತಾರೆ ಸ್ವಾಮಿ?”

ಅಷ್ಟು ಹೇಳಿ ಅವರು ನಿಂಬೆ ಮರದ ಬುಡದಲ್ಲಿ ಕೂತು, ಮಾರ್ಚಿನಿಂದ ತಡೆದಿಟ್ಟುಕೊಂಡಿದ್ದ ಅಳುವನ್ನೆಲ್ಲ ಅತ್ತರು. ನಾನು ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟೆ. ವತ್ಸಲಾ ತೆರೆದ ಗೂಡಿನ ಬಾಗಿಲಲ್ಲೇ, ಚಾಚಿದ ಕೈ ಮಡಿಸದೆ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಗೌಡರು ಎದ್ದು, ಮುಖ ಒರೆಸಿಕೊಂಡು, ಅವಳ ಮುಂದೆ ಬಂದು ಹೇಳಿದರು: “ಅಕ್ಕಾ, ಪಾಲು ಗೀಲು ಎಲ್ಲ ಮುಗೀತು. ನಮ್ಮಪ್ಪ ನಿಮ್ಮನೇಲಿ ಐತೆ. ವಸಿ ಚೆಂದಾಗ್ ನೋಡ್ಕಳಿ.”

ಬುಟ್ಟಿಯನ್ನು ಇಲ್ಲೇ ಬಿಟ್ಟು, ಕ್ಯಾರಿಯರಷ್ಟೇ ಹಿಡಿದು ಹೋದರು. ಸಂಜೆಯ ಎಡೆಗೆ ಮಿಕ್ಕ ಗ್ರಾಸರಿ ಕೋಳಿಯೇ ಆಯಿತಂತೆ. “ಕೊನೇಗಾಲ್ದಲ್ಲಿ ಅಪ್ಪಂಗೆ ಹಲ್ಲೂ ಇರ್ನಿಲ್ಲ, ಹತ್ತಿನೇ ಮೇಲು” ಎಂದು ಫೋನಿನಲ್ಲಿ ಹೇಳಿದರು. ಹೇಳುವಾಗ ನಗುತ್ತಿದ್ದರು.

ಆಮೇಲೆ ನಮ್ಮ ಪಾಡು ಕೇಳಿ. ಮೊದಲು ಗೌಡರು ಮೊಟ್ಟೆ ಎಣಿಸಿ ಹೋಗುತ್ತಿದ್ದರು, ಈಗ ತಪಾಸಣೆಗೆ ಬರತೊಡಗಿದರು. ಬರೀ ಒಣ ಕಾಳು ಹಾಕುತ್ತೀರಲ್ಲ, ಗೂಡಿಗೆ ಗಾಳಿ ಬಡಿಯುತ್ತದಲ್ಲ, ನೀರು ತಣ್ಣಗಿದೆಯಲ್ಲ. ಬೀಗರ ಮನೆಯವರೂ ಇಷ್ಟು ಕೊಂಕು ತೆಗೆಯುವುದಿಲ್ಲ. ಮೀಸೆ ಬಿಟ್ಟರು. ತಮ್ಮನಿಗೆ ಫೋನು ಮಾಡಿದರು. ಫೆಬ್ರವರಿಯಲ್ಲಿ ಹೊಸ ಪುಕ್ಕ ಮೂಡಿಸಿಕೊಂಡು ಮಿರಮಿರ ಮಿಂಚುತ್ತಿದ್ದ ಕೆಂಪಿ ಮತ್ತೆ ಮೊಟ್ಟೆ ಇಡಲು ಶುರುಮಾಡಿತು. ವತ್ಸಲಾ ಕಾಲುಚೀಲ ತೊಟ್ಟ ಕೈಯಲ್ಲಿ ಅದನ್ನು ಹಿಡಿದುಕೊಂಡು ಬಂದಳು. ನಾನು ಗೌಡರಿಗೆ ಫೋನು ಮಾಡಿ, ನಿಮ್ಮ ಪಾಲು ಬಂದಿದೆ ಎಂದೆ.

“ನಮ್ಮಪ್ಪನ ಮೊಟ್ಟೆ ನಾನ್ ಹೆಂಗ್ ತಿನ್ನಾನ ಸ್ವಾಮಿ?”

ಅದು ನ್ಯಾಯವಾದ ಪ್ರಶ್ನೆ. ಮೊಟ್ಟೆಯನ್ನು ಅಡುಗೆಮನೆಯ ಹೊರಗೆ ಹೊಸ್ತಿಲ ಮೇಲಿಟ್ಟು, ವಠಾರದ ಅಭ್ಯಾಸ ಬಲದಿಂದ ನಾನು ಅದರ ಮೇಲೊಂದು ಬುಟ್ಟಿ ಮುಚ್ಚಿದೆ. ಮರುದಿನ ಪಕ್ಕದ ಮನೆಯ ವಿಯೆಟ್ನಾಮಿನ ಅಜ್ಜಿಗೆ ಕೊಟ್ಟೆವು. ಆಕೆ ಬದಲಿಗೆ ಒಂದು ಕಟ್ಟು ಬಸಳೆ ಕೊಟ್ಟಳು. ಈ ವ್ಯಾಪಾರ ಈಗಲೂ ನಡೆಯುತ್ತಿದೆ, ಗೌಡರಿಗೆ ಹೇಳಿಲ್ಲ.

ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಗೌಡರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬರುತ್ತಾರೆ. ಗರಾಜಿನಿಂದ ಈ ನೀಲಿ ಬುಟ್ಟಿ ತೆಗೆದು, ತಳಕ್ಕೆ ಹೊಸ ಪಂಚೆ ಹಾಸಿ, ಕೆಂಪಿಯನ್ನು ಕೂರಿಸಿಕೊಂಡು, ಬಲಗಡೆಯ ಲೇನಿನಲ್ಲೇ ಹೇವರ್ಡಿಗೆ ಒಯ್ಯುತ್ತಾರೆ. ಎರಡನೇ ಮಹಡಿಯಲ್ಲಿ, ಬಿಳಿಯ ಕಾರ್ಪೆಟ್ಟಿನ ಮೇಲೆ, ಫೋಟೋದ ಮುಂದೆ ಎಲೆ ಹಾಕಿ ಬಡಿಸುತ್ತಾರೆ. ಮೊದಲ ಸಲವೇ ಕೆಂಪಿ ಕಾರ್ಪೆಟ್ಟನ್ನು ಕೆಡಿಸಿತು. ಸವಿತಾ ಒದ್ದೆ ಬಟ್ಟೆ ತಂದು, “ಮಾವಯ್ಯ ತಾನೆ, ಬುಡಿ” ಎನ್ನುತ್ತ ಒರೆಸಿದಳಂತೆ. ದಾರಿಯಲ್ಲಿ ಬುಟ್ಟಿ ಹಿಡಿದು ಕೂರಲು ಅದಿತಿ ಹೋಗುತ್ತಾಳೆ. ಹಬ್ಬದ ಊಟವನ್ನೂ ಅವಳು ಅಲ್ಲೇ ಮುಗಿಸಿ ಬರುತ್ತಾಳೆ. ಏನು ತಿಂದೆ ಎಂದು ನಾನು ಕೇಳುವುದಿಲ್ಲ.

ಆ ದಿನ ಮಧ್ಯಾಹ್ನದಿಂದ ವತ್ಸಲಾಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಾಗಿಲಿಗೂ ಅಡುಗೆಮನೆಗೂ ನಡೆಯುತ್ತಿರುತ್ತಾಳೆ. ಹೋದ ವರ್ಷ ಫ್ರೀವೇಯಲ್ಲಿ ಟ್ರಾಫಿಕ್ಕು ಹೆಚ್ಚಾಗಿ ಬರುವುದು ತಡವಾಯಿತು. ಕಾರು ನಿಂತ ಸದ್ದಾದದ್ದೇ ಓಡಿದಳು. ಬುಟ್ಟಿಯಿಂದ ಕೆಂಪಿಯನ್ನು ಎತ್ತಿ ಎದೆಗೊತ್ತಿಕೊಂಡು ಕೇಳಿದಳು, “ವನಸ್ ಆಂಡಾ?”

ಕೆಂಪಿ ಎಂದಿನಂತೆ ಕತ್ತು ಓರೆ ಮಾಡಿತು. ಹೊಸ್ತಿಲಲ್ಲಿ ಬಗ್ಗಿ ಶೂ ಬಿಚ್ಚುತ್ತಿದ್ದ ಅದಿತಿ, ತಲೆಯೆತ್ತದೆ, ಯಾವ ವಿಶೇಷವೂ ಇಲ್ಲದಂತೆ ಹೇಳಿದಳು, “ಆಂಡ್, ಅಮ್ಮಾ.”

ಆಯಿತು ಎಂದು ಅದರ ಅರ್ಥ. ಅಷ್ಟು ತುಳು ನನಗೂ ಬರುತ್ತದೆ. ವತ್ಸಲಾ ಕೋಳಿಯನ್ನು ಹಿಡಿದುಕೊಂಡೇ ಮಗಳನ್ನು ನೋಡುತ್ತ ನಿಂತಳು. ಆಮೇಲೆ ಸರಸರನೆ ಒಳಗೆ ಹೋದಳು. ನಾನು ಬುಟ್ಟಿಯನ್ನು ಗರಾಜಿನಲ್ಲಿಟ್ಟು ಬಂದು ನೋಡಿದರೆ, ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದಾಳೆ, ಕೆಂಪಿ ಇನ್ನೂ ಕಂಕುಳಲ್ಲಿದೆ.

“ಏನಾಯ್ತು?” ಎಂದೆ.

“ಎಂತ ಇಲ್ಲ ಮಾರಾಯ್ರೆ” ಎಂದಳು. “ಈರುಳ್ಳಿ.”